ವರ್ಲಿಯಲ್ಲಿ ಆಡಿದವರು, ಫೈನಲ್‌ನಲ್ಲಿ ಉಳಿದವರು: ಇಂಡಿಯಾನಾ ಪೇಸರ್ಸ್ ತಾರೆಯರನ್ನು ಸಂಪಾದಿಸಿದ ಬಗೆ

2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಎರಡು ಪಂದ್ಯ ಆಡಿದವು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಭಾರತದಲ್ಲಿ ಆಡಿದ್ದು ಅದೇ ಮೊದಲು. ಲೀಗ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯಗಳೇ ಆದರೂ ಮೊದಲನೆಯದು ಓವರ್‌ಟೈಮ್‌ಗೆ ಹೋಗಿ 132-131ಕ್ಕೆ ಮುಗಿಯಿತು. ಮರುದಿನದ್ದು 130-106. ಎರಡೂ ಪೇಸರ್ಸ್ ಪಾಲಾದವು. ಮೊದಲ ದಿನ ಗ್ಯಾಲರಿಯಲ್ಲಿ ಕೂತಿದ್ದವರು ಸುಮಾರು 3,000 ಶಾಲಾ ಮಕ್ಕಳು. ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದೂ ಮುಂಬೈಯಲ್ಲೇ.

ಆ ದಿನಗಳ ಪೇಸರ್ಸ್ ತಂಡದಿಂದ 2025ರ ಜೂನ್‌ನ ಎನ್‌ಬಿಎ ಫೈನಲ್‌ವರೆಗೆ ಉಳಿದವರು ಇಬ್ಬರೇ: ಸೆಂಟರ್ (ಬುಟ್ಟಿಯ ಬಳಿ ಆಡುವವನು) ಮೈಲ್ಸ್ ಟರ್ನರ್ ಮತ್ತು ಬೆಂಚಿನಿಂದ ಬರುವ ಗಾರ್ಡ್ (ಚೆಂಡು ನಡೆಸುವವನು) ಟಿ.ಜೆ. ಮ್ಯಾಕನಲ್. ಮಿಕ್ಕವರೆಲ್ಲ ಹೋದರು. ಆದರೆ ಸುಮ್ಮನೆ ಹೋಗಲಿಲ್ಲ. ಡೊಮಂಟಾಸ್ ಸಬೋನಿಸ್ ಹೋಗಿ ಟೈರೀಸ್ ಹ್ಯಾಲಿಬರ್ಟನ್ ಬಂದ. ಮಾಲ್ಕಮ್ ಬ್ರಾಗ್ಡನ್ ಹೋಗಿ ಆರನ್ ನೆಸ್ಮಿತ್ ಬಂದ, ಜೊತೆಗೆ ಬಂದ ಒಂದು ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಕೈ ಬದಲಾಗುತ್ತಾ ಹೋಗಿ ಫಾರ್ವರ್ಡ್ ಪಾಸ್ಕಲ್ ಸಿಯಾಕಮ್‌ನ ಬೆಲೆಯ ಒಂದು ಭಾಗವಾಯಿತು. ತಾರೆಯನ್ನು ಹೇಗೆ ತರುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಕಡೆ ಐಪಿಎಲ್ ಹರಾಜಿನ ಉತ್ತರ ಅಭ್ಯಾಸವಾಗಿಬಿಟ್ಟಿದೆ: ದುಡ್ಡಿದ್ದವರು ಕೂಗುತ್ತಾರೆ, ಕೊಂಡುಕೊಳ್ಳುತ್ತಾರೆ. ಎನ್‌ಬಿಎಯಲ್ಲಿ ಹರಾಜಿಲ್ಲ. ಇರುವ ಒಬ್ಬ ತಾರೆಯನ್ನು ಸರಿಯಾದ ಹೊತ್ತಿಗೆ ಇನ್ನೊಬ್ಬನಾಗಿ ಮಾರ್ಪಡಿಸುವವರು ಅಲ್ಲಿ ಗೆಲ್ಲುತ್ತಾರೆ. ಪೇಸರ್ಸ್ ಅದನ್ನು ಎಂಟು ವರ್ಷ ಮಾಡಿದ ಕ್ರಮ, ಕೊನೆಗೆ ಎಡವಿದ ಜಾಗ, ಎರಡೂ ಈ ಪ್ರಕರಣದಲ್ಲಿವೆ.

ಮೂರು ಬಾಗಿಲು, ಅದರಲ್ಲಿ ಎರಡು ಅರೆಮುಚ್ಚಿದವು

ತಾರೆ ತಂಡಕ್ಕೆ ಬರುವ ದಾರಿ ಮೂರೇ. ಡ್ರಾಫ್ಟ್, ಫ್ರೀ ಏಜೆನ್ಸಿ, ಟ್ರೇಡ್.

ಡ್ರಾಫ್ಟ್ ಎಂದರೆ ವರ್ಷಕ್ಕೊಮ್ಮೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು, ಸೋತವರಿಗೆ ಮೇಲಿನ ಸರದಿ. ಅದರಲ್ಲಿ ಮೇಲಿನ ನಂಬರು ಬೇಕಾದರೆ ಎರಡು-ಮೂರು ವರ್ಷ ಬೇಕೆಂದೇ ಸೋಲಬೇಕು. 1983ರಿಂದ ಪೇಸರ್ಸ್ ಮಾಲೀಕರಾಗಿರುವ ಹರ್ಬ್ ಸೈಮನ್ ಕುಟುಂಬಕ್ಕೆ ಅದು ಒಗ್ಗುವುದಿಲ್ಲ, ಊರು ಚಿಕ್ಕದು, ಸೋಲುವ ತಂಡಕ್ಕೆ ಟಿಕೆಟ್ ಹೋಗುವುದಿಲ್ಲ. ಈ ಅವಧಿಯಲ್ಲಿ ಅವರಿಗೆ ಸಿಕ್ಕ ಅತಿ ಮೇಲಿನ ಪಿಕ್ 2022ರ 6ನೆಯದು, ಬೆನೆಡಿಕ್ಟ್ ಮ್ಯಾಥುರಿನ್. ಹೀಗೆ ಯಾವಾಗಲೂ ನಡುವಿನಲ್ಲೇ ಸಿಕ್ಕಿಬೀಳುವ ತಂಡದ ಪಾಡು ಅಂಧೇರಿಗೆ ಬಂದ ವಿರಾರ್ ಲೋಕಲ್ ಹತ್ತಿದವನ ಪಾಡು: ಒಳಗೂ ಹೋಗಲಾರ, ಇಳಿಯಲೂ ಆರ.

ಫ್ರೀ ಏಜೆನ್ಸಿ ಎಂದರೆ ಕರಾರು ಮುಗಿದ ಆಟಗಾರ ತನಗೆ ಬೇಕಾದ ಊರು ಆರಿಸಿಕೊಳ್ಳುವುದು. ಲಾಸ್ ಏಂಜಲೀಸ್, ಮಯಾಮಿ, ನ್ಯೂಯಾರ್ಕ್ ಎದುರು ಚಳಿಯ ಇಂಡಿಯಾನಾಪೊಲಿಸ್‌ಗೆ ದೊಡ್ಡ ಹೆಸರಿನವನು ಯಾಕೆ ಬಂದಾನು? ಪೇಸರ್ಸ್ ಒಮ್ಮೆ ಪ್ರಯತ್ನಿಸಿದರು. 2022ರ ಜುಲೈನಲ್ಲಿ ಫೀನಿಕ್ಸ್‌ನ ಸೆಂಟರ್ ಡಿಆಂಡ್ರೆ ಏಟನ್‌ಗೆ 4 ವರ್ಷಕ್ಕೆ 13.29 ಕೋಟಿ ಡಾಲರ್‌ನ ಆಫರ್ ಶೀಟ್ ಕೊಟ್ಟರು. ಸ್ಯಾಲರಿ ಕ್ಯಾಪ್‌ನಲ್ಲಿ, ಅಂದರೆ ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯಲ್ಲಿ, ಅಷ್ಟು ಜಾಗ ಮಾಡಿಕೊಳ್ಳಲು ಬಾಸ್ಟನ್‌ನಿಂದ ಅದೇ ವಾರ ಬಂದಿದ್ದ ಮೂವರನ್ನು ಕೈಬಿಟ್ಟರು. ಆದರೆ ಏಟನ್ ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್, ಅಂದರೆ ಹಳೆಯ ತಂಡಕ್ಕೆ ಅಷ್ಟೇ ಮೊತ್ತ ಕೊಟ್ಟು ಉಳಿಸಿಕೊಳ್ಳುವ ಹಕ್ಕಿದೆ. ಯೋಚಿಸಲು ಎರಡು ದಿನ ಅವಕಾಶವಿತ್ತು, ಫೀನಿಕ್ಸ್ ಅಷ್ಟೂ ಕಾಯದೆ ಸಹಿ ಹಾಕಿತು. ಇದರಲ್ಲಿ ಹೊರಗಿನವರಿಗೆ ಕಾಣದ ಒಂದು ನಷ್ಟವಿದೆ: ಆಫರ್ ಶೀಟ್ ಮೇಜಿನ ಮೇಲಿರುವಷ್ಟು ಹೊತ್ತು ಕೊಟ್ಟವರ ಕ್ಯಾಪ್ ಜಾಗವೆಲ್ಲ ಹೆಪ್ಪುಗಟ್ಟಿರುತ್ತದೆ. ಅಷ್ಟರಲ್ಲಿ ಮಾರುಕಟ್ಟೆಯ ಒಳ್ಳೆಯ ಸರಕು ಬೇರೆಯವರ ಪಾಲಾಗುತ್ತದೆ.

ಉಳಿದದ್ದು ಟ್ರೇಡ್, ಅಂದರೆ ಆಟಗಾರರನ್ನೋ ಪಿಕ್‌ಗಳನ್ನೋ ಕೊಟ್ಟು ಬೇರೆ ತಂಡದ ಆಟಗಾರನನ್ನು ತರುವ ವಿನಿಮಯ.

2017: ಬೇರೆ ದಾರಿಯಿಲ್ಲದೆ ಮಾಡಿದ ಮಾರಾಟ

ಪಾಲ್ ಜಾರ್ಜ್ 2010ರ ಡ್ರಾಫ್ಟ್‌ನಲ್ಲಿ 10ನೆಯವನಾಗಿ ಸಿಕ್ಕವನು. ಪೇಸರ್ಸ್ ಬೆಳೆಸಿದ ನಿಜವಾದ ತಾರೆ. 2017ರ ಜೂನ್‌ನಲ್ಲಿ, ಮುಂದಿನ ವರ್ಷ ಕರಾರು ಮುಗಿದ ಕೂಡಲೇ ಹೊರಡುತ್ತೇನೆ ಎಂಬ ಮಾತು ಅವನ ಕಡೆಯಿಂದ ಬಂತು, ಅದು ಬಹಿರಂಗವೂ ಆಯಿತು. ಮನೆ ಮಾರುವವನಿಗೆ ಅರ್ಜೆಂಟಿದೆ ಎಂದು ಬ್ರೋಕರ್‌ಗೆ ತಿಳಿದ ಮೇಲೆ ರೇಟು ಏನಾಗುತ್ತದೆಂದು ಮುಂಬೈಯವರಿಗೆ ಹೇಳಿಕೊಡಬೇಕಾಗಿಲ್ಲ. ಒಂದೇ ವರ್ಷ ಇರುವ ಆಟಗಾರನಿಗೆ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲ.

ಆ ಹೊತ್ತಿಗೆ ಪೇಸರ್ಸ್ ಆಡಳಿತ ಕೆವಿನ್ ಪ್ರಿಚರ್ಡ್ ಕೈಗೆ ಬಂದಿತ್ತು. ಓಕ್ಲಹೋಮ ಸಿಟಿ ಥಂಡರ್‌ಗೆ ಜಾರ್ಜ್‌ನನ್ನು ಕೊಟ್ಟು ವಿಕ್ಟರ್ ಒಲಡಿಪೊ ಮತ್ತು ಸಬೋನಿಸ್‌ನನ್ನು ತಂದರು. ಒಂದೇ ಒಂದು ಡ್ರಾಫ್ಟ್ ಪಿಕ್ ಬರಲಿಲ್ಲ. ಪತ್ರಿಕೆಗಳು ಗೇಲಿ ಮಾಡಿದವು. ಪೇಸರ್ಸ್ ನೋಡಿದ್ದು ಬೇರೆಯದನ್ನೇ. ಸಬೋನಿಸ್ 2016ರ 11ನೇ ಪಿಕ್. ಹೊಸಬರ ಕರಾರಿನ ಮೂರು ವರ್ಷ ಇನ್ನೂ ಬಾಕಿ, ಸಂಬಳ ಕಡಿಮೆ, ಓಕ್ಲಹೋಮದಲ್ಲಿ ಅವನನ್ನು ಮೂಲೆಯಲ್ಲಿ ನಿಲ್ಲಿಸಿ ಮೂರು ಪಾಯಿಂಟ್ ಹೊಡೆಸುತ್ತಿದ್ದರು, ಚೆಂಡು ಅವನ ಕೈಗೆ ಸರಿಯಾಗಿ ಸಿಕ್ಕೇ ಇರಲಿಲ್ಲ. ಒಲಡಿಪೊ ಇಂಡಿಯಾನಾ ವಿಶ್ವವಿದ್ಯಾಲಯದಲ್ಲೇ ಓದಿದವನು, ರಸೆಲ್ ವೆಸ್ಟ್‌ಬ್ರೂಕ್ ಪಕ್ಕದಲ್ಲಿ ಕುಗ್ಗಿದ್ದವನು. ಮುಂದಿನ ವರ್ಷವೇ ಪಂದ್ಯಕ್ಕೆ 23.1 ಪಾಯಿಂಟ್ ಹೊಡೆದು ಆಲ್‌ಸ್ಟಾರ್ (ವರ್ಷದ ಉತ್ತಮ ಆಟಗಾರರ ಪಂದ್ಯಕ್ಕೆ ಆಯ್ಕೆಯಾದವನು) ಆದ, ಅತಿ ಹೆಚ್ಚು ಸುಧಾರಿಸಿದ ಆಟಗಾರನ ಪ್ರಶಸ್ತಿಯನ್ನೂ ತೆಗೆದುಕೊಂಡ. ಸಬೋನಿಸ್ 2020 ಮತ್ತು 2021ರಲ್ಲಿ ಆಲ್‌ಸ್ಟಾರ್.

ಒತ್ತಡದಲ್ಲಿ ಮಾರುವಾಗ ಹೆಸರು ಕೇಳಬಾರದು, ಬೇರೆ ತಂಡದಲ್ಲಿ ತಪ್ಪು ಕೆಲಸ ಮಾಡುತ್ತಿರುವ ಎಳೆಯನನ್ನು ಕೇಳಬೇಕು. ಅವನ ಅಂಕಿ ಕಡಿಮೆ ಇರುತ್ತದೆ, ಬೆಲೆಯೂ ಕಡಿಮೆ. ಯಾಕೆ ಕಡಿಮೆ ಎಂದು ವಿಡಿಯೊ ನೋಡಿ ಹೇಳಬಲ್ಲ ಸ್ಕೌಟ್ ಇದ್ದರೆ ಸಾಕು.

2022ರ ಫೆಬ್ರವರಿ 8: ಯಾರೂ ಕೇಳದೆ ಮಾಡಿದ ಮಾರಾಟ

ಒಲಡಿಪೊನ ತೊಡೆಯ ಸ್ನಾಯುರಜ್ಜು 2019ರ ಜನವರಿಯಲ್ಲಿ ಕಿತ್ತುಹೋಯಿತು. ಆ ಅಕ್ಟೋಬರ್‌ನಲ್ಲಿ ವರ್ಲಿಯಲ್ಲಿ ಅವನು ಆಡದಿದ್ದುದಕ್ಕೆ ಕಾರಣ ಅದೇ. ಮುಂದೆ ತಂಡ ನಡುಮಟ್ಟದಲ್ಲೇ ತೊಳಲಾಡಿತು: 2020-21ರಲ್ಲಿ 34 ಗೆಲುವು, 38 ಸೋಲು. 2021ರ ಬೇಸಿಗೆಯಲ್ಲಿ ಕೋಚ್ ಆಗಿ ರಿಕ್ ಕಾರ್ಲೈಲ್ ಬಂದರು. ಆದರೂ 2021-22 ಮುಗಿದದ್ದು 25-57ಕ್ಕೆ.

ತೊಡಕು ಎಲ್ಲರಿಗೂ ಕಾಣುವಂಥದ್ದೇ. ಸಬೋನಿಸ್ ಮತ್ತು ಟರ್ನರ್ ಇಬ್ಬರೂ ಸೆಂಟರ್‌ಗಳು. ಇಬ್ಬರನ್ನೂ ಒಟ್ಟಿಗೆ ಆಡಿಸಿದರೆ ಎದುರಾಳಿಯ ವೇಗದ ಫಾರ್ವರ್ಡ್ ಹಿಂದೆ ಒಬ್ಬ ಸೆಂಟರ್ ಓಡಬೇಕು, ದಾಳಿಯಲ್ಲಿ ಬುಟ್ಟಿಯ ಕೆಳಗೆ ಜನ ಜಾಸ್ತಿ. ಒಬ್ಬ ಹೋಗಬೇಕು. ಎಲ್ಲರೂ ಟರ್ನರ್ ಹೋಗುತ್ತಾನೆಂದುಕೊಂಡಿದ್ದರು, ಯಾಕೆಂದರೆ ಆಲ್‌ಸ್ಟಾರ್ ಆಗಿದ್ದವನು ಸಬೋನಿಸ್. ಪೇಸರ್ಸ್ ಆಲ್‌ಸ್ಟಾರನ್ನೇ ಕಳಿಸಿದರು.

ಸ್ಯಾಕ್ರಮೆಂಟೊದಿಂದ ಬಂದವರು ಹ್ಯಾಲಿಬರ್ಟನ್, ಬಡ್ಡಿ ಹೀಲ್ಡ್, ಟ್ರಿಸ್ಟನ್ ಥಾಂಪ್ಸನ್. ಹೋದವರು ಸಬೋನಿಸ್, ಜೆರೆಮಿ ಲ್ಯಾಂಬ್, ಜಸ್ಟಿನ್ ಹಾಲಿಡೇ, ಜೊತೆಗೆ 2023ರ ಒಂದು ಎರಡನೇ ಸುತ್ತಿನ ಪಿಕ್. ಮುಂಬೈಯಲ್ಲಿ ಎದುರುಬದುರು ಆಡಿದ್ದ ಹೀಲ್ಡ್ ಮತ್ತು ಸಬೋನಿಸ್ ಎರಡೂವರೆ ವರ್ಷದಲ್ಲಿ ಅಂಗಿ ಅದಲುಬದಲು ಮಾಡಿಕೊಂಡಂತಾಯಿತು.

ಈ ಪಟ್ಟಿಯನ್ನು ಓದುವ ಕ್ರಮವಿದೆ. ಟ್ರೇಡ್‌ನಲ್ಲಿ ಎರಡೂ ಕಡೆಯ ಸಂಬಳ ಹತ್ತಿರ ಹತ್ತಿರ ತೂಗಬೇಕು. ಹೀಲ್ಡ್ ದೊಡ್ಡ ಸಂಬಳದವನು. ಅವನಿಲ್ಲದೆ ಹ್ಯಾಲಿಬರ್ಟನ್‌ನ ಸುಮಾರು 40 ಲಕ್ಷ ಡಾಲರ್‌ಗೆ ಸಬೋನಿಸ್‌ನ ಸಂಬಳ ತೂಗುತ್ತಿರಲಿಲ್ಲ. ಲ್ಯಾಂಬ್, ಹಾಲಿಡೇ ಆ ಕಡೆಯ ತಟ್ಟೆಗೆ ಹಾಕಿದ ತೂಕದ ಕಲ್ಲು. ವ್ಯವಹಾರದ ತಿರುಳು ಇಬ್ಬರ ನಡುವೆ: 25 ವರ್ಷದ ಸಬೋನಿಸ್, 21 ವರ್ಷದ ಹ್ಯಾಲಿಬರ್ಟನ್.

ಆ ನಾಲ್ಕು ವರ್ಷದ ಅಂತರಕ್ಕಿಂತ ಮುಖ್ಯವಾದದ್ದು ಕರಾರಿನ ಅಂತರ. ಇಬ್ಬರ ಕರಾರೂ 2024ಕ್ಕೆ ಮುಗಿಯುವಂಥವು. ಆದರೆ ಸಬೋನಿಸ್ ಅಂದು ಪೂರ್ಣ ಸ್ವತಂತ್ರ, ಪಾಲ್ ಜಾರ್ಜ್‌ನ ಕಥೆ ಮತ್ತೊಮ್ಮೆ ನಡೆಯಬಹುದಿತ್ತು. ಹ್ಯಾಲಿಬರ್ಟನ್ ಮೊದಲ ಸುತ್ತಿನ ಹೊಸಬನ ಕರಾರಿನಲ್ಲಿದ್ದವನು: ಮುಗಿದರೂ ರಿಸ್ಟ್ರಿಕ್ಟೆಡ್, ಯಾರು ಆಫರ್ ಕೊಟ್ಟರೂ ಸರಿಗಟ್ಟಿ ಉಳಿಸಿಕೊಳ್ಳಬಹುದು, ಏಟನ್ ವಿಷಯದಲ್ಲಿ ಫೀನಿಕ್ಸ್ ಮಾಡಿದ ಹಾಗೆ. ಪೇಸರ್ಸ್ ಕೊಂಡದ್ದು ಒಬ್ಬ ಪಾಯಿಂಟ್ ಗಾರ್ಡನ್ನು ಮಾತ್ರ ಅಲ್ಲ, ಹತ್ತಿರ ಹತ್ತಿರ ಏಳು ವರ್ಷದ ನೆಮ್ಮದಿಯನ್ನು. 2023ರ ಬೇಸಿಗೆಯಲ್ಲಿ ಹ್ಯಾಲಿಬರ್ಟನ್ ಐದು ವರ್ಷದ ಗರಿಷ್ಠ ಕರಾರಿಗೆ ಸಹಿ ಹಾಕಿದ. ಮರುವರ್ಷ ಆಲ್-ಎನ್‌ಬಿಎ (ವರ್ಷದ ಶ್ರೇಷ್ಠ ಆಟಗಾರರ ಪಟ್ಟಿ) ಮೂರನೇ ತಂಡದಲ್ಲಿ ಹೆಸರು ಬಂದದ್ದರಿಂದ ಅವನ ಪಾಲು ಕ್ಯಾಪ್‌ನ 25 ಶೇಕಡಾದಿಂದ 30ಕ್ಕೇರಿ ಒಟ್ಟು 24.46 ಕೋಟಿ ಡಾಲರ್ ಆಯಿತು. ಆ ಒಂದು ಪ್ರಶಸ್ತಿ ಪೇಸರ್ಸ್‌ಗೆ ನಾಲ್ಕು ಕೋಟಿ ಡಾಲರ್ ಖರ್ಚು ತಂದಿತು ಎನ್ನುವುದು ಬೇರೆ ಮಾತು.

ಕಿಂಗ್ಸ್ ಯಾಕೆ ಕೊಟ್ಟರು? ಅವರನ್ನು ಪೆದ್ದರೆಂದು ಕರೆಯುವುದು ಸುಲಭ, ನ್ಯಾಯವಲ್ಲ. ಅವರ ಬಳಿ ಡಿಆರನ್ ಫಾಕ್ಸ್ ಇದ್ದ, ಅವನಿಗೂ ಚೆಂಡು ಬೇಕು, ಹ್ಯಾಲಿಬರ್ಟನ್‌ಗೂ ಚೆಂಡು ಬೇಕು. 2006ರಿಂದ ಪ್ಲೇಆಫ್ ಕಂಡಿರಲಿಲ್ಲ. ಸಬೋನಿಸ್ ಬಂದ ಮೊದಲ ಪೂರ್ಣ ವರ್ಷವೇ 48-34, 16 ವರ್ಷದ ಬರ ಮುಗಿಯಿತು. ಮೊದಲ ಸುತ್ತಿನಲ್ಲಿ ಗೋಲ್ಡನ್ ಸ್ಟೇಟ್ ಎದುರು ಏಳನೇ ಪಂದ್ಯದವರೆಗೂ ಹೋದರು. ಕಿಂಗ್ಸ್‌ಗೆ ಹಸಿವು ಇವತ್ತಿನದು, ಪೇಸರ್ಸ್‌ಗೆ ನಾಳಿನದು. ಇಬ್ಬರ ಗಡಿಯಾರ ಬೇರೆ ಬೇರೆ ಸಮಯ ತೋರಿಸುತ್ತಿದ್ದಾಗಲೇ ದೊಡ್ಡ ಟ್ರೇಡ್ ಆಗುವುದು. ಟ್ರೇಡ್ ಹುಡುಕುವವನು ಮೊದಲು ನೋಡಬೇಕಾದದ್ದು ಎದುರಿನವನ ಗಡಿಯಾರವನ್ನು.

ಚಿಲ್ಲರೆ ಎಂದುಕೊಂಡದ್ದು

ಒಲಡಿಪೊ 2021ರ ಜನವರಿಯಲ್ಲಿ ಜೇಮ್ಸ್ ಹಾರ್ಡನ್‌ನ ನಾಲ್ಕು ತಂಡಗಳ ಟ್ರೇಡ್‌ನ ಭಾಗವಾಗಿ ಹೋದ, ಬದಲಿಗೆ ಕ್ಯಾರಿಸ್ ಲೆವರ್ಟ್ ಬಂದ. ಟ್ರೇಡ್ ಆದ ಮೇಲೆ ನಡೆಸುವ ದೈಹಿಕ ತಪಾಸಣೆಯಲ್ಲಿ ಲೆವರ್ಟ್‌ನ ಎಡ ಮೂತ್ರಪಿಂಡದಲ್ಲಿ ಗಡ್ಡೆ ಕಂಡಿತು, ಶಸ್ತ್ರಚಿಕಿತ್ಸೆ ಆಯಿತು. ತಪಾಸಣೆ ಎನ್ನುವುದು ಬರಿಯ ಶಾಸ್ತ್ರ ಎಂದುಕೊಂಡವರಿಗೆ ಇದು ನೆನಪಿರಲಿ. ಆ ತಪಾಸಣೆ ಇಲ್ಲದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಅವನು ಚೇತರಿಸಿಕೊಂಡು ಆಡಿದ. 2022ರ ಫೆಬ್ರವರಿಯಲ್ಲಿ ಅವನನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಾಗ ಒಂದು ಮೊದಲ ಸುತ್ತಿನ ಪಿಕ್, ಜೊತೆಗೆ ಹ್ಯೂಸ್ಟನ್‌ನ ಎರಡನೇ ಸುತ್ತಿನ ಪಿಕ್ ಬಂದವು. ಆ ವರ್ಷ ಹ್ಯೂಸ್ಟನ್ ಲೀಗ್‌ನಲ್ಲೇ ಕಟ್ಟಕಡೆ, ಹಾಗಾಗಿ ಎರಡನೇ ಸುತ್ತಿನದಾದರೂ ಅದು 31ನೆಯದು, ಮೊದಲ ಸುತ್ತಿನ ಹೊಸ್ತಿಲಿಗೇ ತಾಗಿದ್ದು. ಅದರಲ್ಲಿ ಸಿಕ್ಕವನು ಆಂಡ್ರೂ ನೆಂಬಾರ್ಡ್, 2025ರ ಫೈನಲ್‌ನಲ್ಲಿ ಮೊದಲ ಐವರಲ್ಲಿ ಒಬ್ಬ. ಪಿಕ್ ಕೇಳುವಾಗ ಯಾವ ಸುತ್ತಿನದು ಎನ್ನುವುದಕ್ಕಿಂತ ಯಾರದು ಎಂದು ಕೇಳಬೇಕು.

ಬ್ರಾಗ್ಡನ್‌ನ ದಾರಿಯೂ ಹೀಗೇ. 2022ರ ಜುಲೈನಲ್ಲಿ ಬಾಸ್ಟನ್‌ಗೆ ಹೋದ. ನೆಸ್ಮಿತ್ ಮತ್ತು 2023ರ ಮೊದಲ ಸುತ್ತಿನ ಪಿಕ್ ಬಂದವು. ಆ ಪಿಕ್ 29ನೆಯದಾಯಿತು. ಪೇಸರ್ಸ್ ಅದನ್ನು ಬಳಸಲಿಲ್ಲ, 32ನೆಯದನ್ನೂ ಸೇರಿಸಿ ಡೆನ್ವರ್‌ಗೆ ಕೊಟ್ಟು 2024ರ ಒಂದು ಮೊದಲ ಸುತ್ತಿನ ಪಿಕ್ ತೆಗೆದುಕೊಂಡರು. ಇವತ್ತಿನ ಚೆಕ್ ಕೊಟ್ಟು ಮುಂದಿನ ತಾರೀಖಿನ ಚೆಕ್ ತೆಗೆದುಕೊಳ್ಳುವುದು ಯಾವ ಬುದ್ಧಿ? ತಂಡದಲ್ಲಿ ಹೊಸಬರಿಗೆ ಜಾಗವಿರಲಿಲ್ಲ. ಡ್ರಾಫ್ಟ್ ಆದ ಮರುಕ್ಷಣ ಪಿಕ್ ಒಬ್ಬ ಮನುಷ್ಯನಾಗುತ್ತದೆ. ಮನುಷ್ಯನ ಕೊರತೆಗಳು ಕಾಣುತ್ತವೆ, ಬೆಲೆ ಇಳಿಯುತ್ತದೆ. ಪಿಕ್ ಪಿಕ್ಕಾಗಿಯೇ ಇರುವಷ್ಟು ದಿನ ಕೊಳ್ಳುವವನ ಕಣ್ಣಿಗೆ ಅದು ಯಾರು ಬೇಕಾದರೂ ಆಗಬಹುದು.

ಬ್ರೂಸ್ ಬ್ರೌನ್ ಎಂಬ ಚಲಾವಣೆಯ ನೋಟು

ಹ್ಯಾಲಿಬರ್ಟನ್ ಟ್ರೇಡ್‌ಗೇ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಈ ಪ್ರಕರಣದ ಅತಿ ಜಾಣ ನಡೆ ಅದಲ್ಲ, 2023ರ ಜುಲೈನದು.

ಮೊದಲು ಸ್ಯಾಲರಿ ಕ್ಯಾಪ್ ಎಂದರೇನೆಂದು ಅರ್ಥವಾಗಬೇಕು. 2023-24ರಲ್ಲಿ ಅದು 13.6 ಕೋಟಿ ಡಾಲರ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ನಿಯಮ, ಆದರೆ ಹಾಸಿಗೆಗೆ ಹರಿದ ಅಂಚುಗಳಿವೆ. ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಕ್ಯಾಪ್ ದಾಟಬಹುದು, ಇದಕ್ಕೆ ಬರ್ಡ್ ಹಕ್ಕು ಎನ್ನುತ್ತಾರೆ. ನಮ್ಮ ಚಾಳಿನ ಹಳೇ ಬಾಡಿಗೆದಾರನಿಗೆ ಇರುವ ಹಕ್ಕಿನ ಥರ: ಕಟ್ಟಡ ಒಡೆದು ಹೊಸದು ಕಟ್ಟಿದರೂ ಒಳಗಿದ್ದವನಿಗೆ ಜಾಗ ಕೊಡಲೇಬೇಕು, ಹೊರಗಿನಿಂದ ಬರುವವನು ಮಾರುಕಟ್ಟೆ ಬೆಲೆ ಕೊಟ್ಟೇ ಬರಬೇಕು. ಒಳ್ಳೆಯದೆಂದರೆ ಟ್ರೇಡ್ ಆದಾಗ ಆ ಹಕ್ಕು ಆಟಗಾರನ ಜೊತೆಗೇ ಹೊಸ ತಂಡಕ್ಕೆ ಬರುತ್ತದೆ.

2023ರ ಬೇಸಿಗೆಯಲ್ಲಿ ಪೇಸರ್ಸ್ ಬಳಿ ಕ್ಯಾಪ್ ಜಾಗವಿತ್ತು, ಬರುವ ತಾರೆ ಇರಲಿಲ್ಲ. ಆಗ ಡೆನ್ವರ್ ಜೊತೆ ಆಗಷ್ಟೇ ಚಾಂಪಿಯನ್ ಆಗಿದ್ದ ಬ್ರೂಸ್ ಬ್ರೌನ್‌ಗೆ 2 ವರ್ಷಕ್ಕೆ 4.5 ಕೋಟಿ ಡಾಲರ್ ಕೊಟ್ಟರು, ಎರಡನೇ ವರ್ಷ ಬೇಕೋ ಬೇಡವೋ ಎನ್ನುವುದು ತಂಡದ ಆಯ್ಕೆ. ಡೆನ್ವರ್ ನಿಯಮದ ಪ್ರಕಾರ ಕೊಡಬಹುದಾಗಿದ್ದದ್ದು ವರ್ಷಕ್ಕೆ 80 ಲಕ್ಷಕ್ಕಿಂತ ಕಡಿಮೆ. ಪೇಸರ್ಸ್ ಕೊಟ್ಟದ್ದು ಮೊದಲ ವರ್ಷಕ್ಕೇ 2.2 ಕೋಟಿ. ಬ್ರೌನ್ ಒಳ್ಳೆಯ ಆಟಗಾರ, 2.2 ಕೋಟಿಯ ಆಟಗಾರನಲ್ಲ. ಆ ಕರಾರಿನ ಆಕಾರವೇ ಅದರ ಉದ್ದೇಶವನ್ನು ಹೇಳುತ್ತಿತ್ತು. ಮೊತ್ತ ದೊಡ್ಡದು, ಅವಧಿ ಚಿಕ್ಕದು, ಬಾಗಿಲು ತೆರೆದದ್ದು. ತಾರೆಯನ್ನು ತರುವ ದಿನ ಎದುರು ತಟ್ಟೆಗೆ ಹಾಕಲು ಬೇಕಾದ ತೂಕ.

ಲೆಕ್ಕ ಹೀಗೆ. ಟೊರಾಂಟೊದ ಸಿಯಾಕಮ್‌ನ ಸಂಬಳ ಆ ವರ್ಷ ಸುಮಾರು 3.79 ಕೋಟಿ ಡಾಲರ್. ಕ್ಯಾಪ್‌ಗಿಂತ ಮೇಲೆ ಹೋಗುವ ತಂಡ ಟ್ರೇಡ್‌ನಲ್ಲಿ ಎಷ್ಟು ಕಳಿಸುತ್ತದೆ ಎನ್ನುವುದರ ಮೇಲೆ ಎಷ್ಟು ತರಬಹುದು ಎನ್ನುವುದು ನಿಂತಿದೆ. ಆ ವರ್ಷದ ನಿಯಮದಲ್ಲಿ 75 ಲಕ್ಷದಿಂದ 2.9 ಕೋಟಿವರೆಗೆ ಕಳಿಸಿದರೆ ಅದಕ್ಕಿಂತ 75 ಲಕ್ಷ ಹೆಚ್ಚು ತರಬಹುದು. 2.9 ಕೋಟಿ ದಾಟಿದರೆ ಕಳಿಸಿದ್ದರ 125 ಶೇಕಡಾ, ಮೇಲೆ 2.5 ಲಕ್ಷ. ಬ್ರೌನ್ ಮತ್ತು ಜಾರ್ಡನ್ ನ್ವೋರಾ ಸೇರಿ ಸುಮಾರು 2.5 ಕೋಟಿ: ಅದಕ್ಕೆ 3.25 ಕೋಟಿಯವನು ಸಿಗುತ್ತಾನೆ, ಸಿಯಾಕಮ್ ಸಿಗುವುದಿಲ್ಲ. ನ್ಯೂ ಓರ್ಲಿಯನ್ಸ್‌ನ ಕಿರಾ ಲೂಯಿಸ್ ಜೂನಿಯರ್‌ನ ಸುಮಾರು 57 ಲಕ್ಷ ಸೇರಿತು. ಈಗ ಒಟ್ಟು 3.07 ಕೋಟಿ, ಮೇಲಿನ ಹಂತ ದಾಟಿತು, 3.86 ಕೋಟಿವರೆಗೆ ಬಾಗಿಲು ತೆರೆಯಿತು. ಟ್ರೇಡ್ ಸುದ್ದಿಯ ಕೊನೆಯ ಸಾಲಿನಲ್ಲಿ ಬರುವ, ಯಾರೂ ಗಮನಿಸದ ಹೆಸರು ಬಹಳ ಸಲ ಇಂಥ ಕೆಲಸಕ್ಕೇ ಇರುತ್ತದೆ.

2024ರ ಜನವರಿ 17ರಂದು ವ್ಯವಹಾರ ಮುಗಿಯಿತು. ಮೂರು ಮೊದಲ ಸುತ್ತಿನ ಪಿಕ್ ಹೋದವು: 2024ರ ಎರಡು, 2026ರ ಒಂದು. 2025ರದ್ದು ಯಾಕಿಲ್ಲ? 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ವರ್ಷ ವರ್ಷದ ಪಿಕ್‌ಗಳನ್ನು ಮಾರಿ ತಂಡವನ್ನು ಬರಿದು ಮಾಡಿಬಿಟ್ಟಿದ್ದ. ಅಂದಿನಿಂದ ಮುಂದಿನ ಎರಡು ವರ್ಷ ಸತತವಾಗಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳಲು ಲೀಗ್ ಬಿಡುವುದಿಲ್ಲ. ಒಂದು ವರ್ಷ ಬಿಟ್ಟು ಒಂದು ವರ್ಷ ಕೊಡಬಹುದು. 2024ರ ಎರಡರಲ್ಲಿ ಒಂದು ತಮ್ಮದು, ಇನ್ನೊಂದು ಡೆನ್ವರ್‌ನಿಂದ ತೆಗೆದಿಟ್ಟಿದ್ದ ಮುಂದಿನ ತಾರೀಖಿನ ಚೆಕ್, ಅಂದರೆ ಮೂಲದಲ್ಲಿ ಬ್ರಾಗ್ಡನ್. ಬೇರೆಯವರ ಪಿಕ್‌ಗಳನ್ನು ಕೂಡಿಡುವ ತಂಡಕ್ಕೆ ಸ್ಟೆಪಿಯನ್ ನಿಯಮದ ಬಿಸಿ ಅಷ್ಟು ತಟ್ಟುವುದಿಲ್ಲ.

ಸಿಯಾಕಮ್‌ನ ಕರಾರು ಆರು ತಿಂಗಳಲ್ಲಿ ಮುಗಿಯುವುದಿತ್ತು. ಅಪಾಯ ಅಲ್ಲೇ: ಮೂರು ಪಿಕ್ ಕೊಟ್ಟು ಆರು ತಿಂಗಳಿಗೆ ಬಾಡಿಗೆ ತಂದಂತಾದರೆ? ಅವನ ಬರ್ಡ್ ಹಕ್ಕು ಪೇಸರ್ಸ್‌ಗೆ ಬಂದಿತ್ತು, ಕ್ಯಾಪ್ ದಾಟಿ ಹೆಚ್ಚು ಹಣ, ಹೆಚ್ಚು ವರ್ಷ ಕೊಡಬಹುದಾದವರು ಅವರೊಬ್ಬರೇ. ಆದರೆ ಹಣಕ್ಕಿಂತ ಗಟ್ಟಿಯಾದದ್ದು ಹ್ಯಾಲಿಬರ್ಟನ್. ಫ್ರೀ ಏಜೆನ್ಸಿಯಲ್ಲಿ ಯಾರೂ ಬರದ ಇಂಡಿಯಾನಾಪೊಲಿಸ್ ಎಂಬ ಊರಿನ ಕೊರತೆಯನ್ನು ಒಬ್ಬ ಪಾಸ್ ಕೊಡುವ ಗಾರ್ಡ್ ತುಂಬಿದ. ಓಡಿದರೆ ಚೆಂಡು ಸಿಗುತ್ತದೆ ಎಂಬ ಖಾತ್ರಿ ಓಡುವ ಫಾರ್ವರ್ಡ್‌ಗೆ ಬೇರೆ ಎಲ್ಲಿ ಸಿಗುತ್ತದೆ? 2024ರ ಜುಲೈನಲ್ಲಿ ಸಿಯಾಕಮ್ 4 ವರ್ಷಕ್ಕೆ 18.95 ಕೋಟಿ ಡಾಲರ್‌ಗೆ ಸಹಿ ಹಾಕಿದ. ಮೊದಲ ತಾರೆಯನ್ನು ತರುವುದು ಕಷ್ಟ, ಎರಡನೆಯವನನ್ನು ತರುವುದು ಮೊದಲನೆಯವನ ಕೆಲಸ.

ಫಲ ಬೇಗ ಬಂತು. 2022-23ರಲ್ಲಿ 35 ಗೆಲುವು, ಮರುವರ್ಷ 47 ಮತ್ತು ಪೂರ್ವ ವಿಭಾಗದ ಫೈನಲ್, 2024-25ರಲ್ಲಿ 50 ಮತ್ತು ಎನ್‌ಬಿಎ ಫೈನಲ್. 2025ರ ಪೂರ್ವ ಫೈನಲ್‌ನ ಶ್ರೇಷ್ಠ ಆಟಗಾರ ಸಿಯಾಕಮ್.

ಮಾಟುಂಗದ ಅಂಗಳಕ್ಕೆ ಇದರಲ್ಲಿ ಏನಿದೆ

ಇಂಡಿಯನ್ ಜಿಮ್ಖಾನಾದಲ್ಲೋ ನಾಗಪಾಡಾದಲ್ಲೋ ಸಂಜೆ ಆಡುವ ಕನ್ನಡ ಹುಡುಗರ ತಂಡಕ್ಕೆ ಕ್ಯಾಪ್ ಇಲ್ಲ, ಪಿಕ್ ಇಲ್ಲ. ಆದರೂ ತಾರೆಯ ಸಮಸ್ಯೆ ಇದೆ. ಟೂರ್ನಮೆಂಟಿಗೆ ಎರಡು ವಾರ ಇರುವಾಗ ರೈಲ್ವೆ ಮಟ್ಟದ ಒಬ್ಬ ಆಟಗಾರನನ್ನು ಹೇಗೋ ಒಪ್ಪಿಸಿ ತರುತ್ತಾರೆ, ಅವನು 25 ಪಾಯಿಂಟ್ ಹೊಡೆಯುತ್ತಾನೆ, ತಂಡ ಸೋಲುತ್ತದೆ. ಲೆಕ್ಕ ಸರಳ: ನಮ್ಮ 40 ನಿಮಿಷದ ಆಟದಲ್ಲಿ ಹಂಚಲು ಇರುವುದು 200 ಆಟಗಾರ-ನಿಮಿಷ. ತಾರೆ 36 ತೆಗೆದುಕೊಂಡರೆ ಹನ್ನೊಂದು ಜನಕ್ಕೆ 164. ಅವನು ಯಾರ ನಿಮಿಷ ತೆಗೆದುಕೊಂಡ, ಯಾರ ಕೈಯಿಂದ ಚೆಂಡು ತೆಗೆದುಕೊಂಡ ಎನ್ನುವುದನ್ನು ಬರುವ ಮುಂಚೆಯೇ ಕಾಗದದ ಮೇಲೆ ಬರೆಯದಿದ್ದರೆ ಮೂರು ತಿಂಗಳು ತಪ್ಪದೆ ಅಭ್ಯಾಸಕ್ಕೆ ಬಂದ ಗಾರ್ಡ್ ಬೆಂಚಿನಲ್ಲಿ ಕೂತು ಶೂ ಲೇಸ್ ಬಿಚ್ಚಿ ಕಟ್ಟುತ್ತಿರುತ್ತಾನೆ. ಫಾಕ್ಸ್ ಪಕ್ಕದಲ್ಲಿ ಹ್ಯಾಲಿಬರ್ಟನ್ ಹೆಚ್ಚಾಗಿದ್ದ, ಸಬೋನಿಸ್ ಪಕ್ಕದಲ್ಲಿ ಟರ್ನರ್ ಹೆಚ್ಚಾಗಿದ್ದ. ಅದನ್ನು ಒಪ್ಪಿಕೊಂಡ ಮೇಲೆಯೇ ಎರಡೂ ತಂಡ ಉದ್ಧಾರವಾದದ್ದು.

ಎದುರು ತಂಡವೂ ಅದೇ ಬೀಜದ ಬೆಳೆ

ಫೈನಲ್‌ನಲ್ಲಿ ಪೇಸರ್ಸ್ ಎದುರು ನಿಂತದ್ದು ಓಕ್ಲಹೋಮ ಸಿಟಿ. 2019ರ ಜುಲೈನಲ್ಲಿ ಪಾಲ್ ಜಾರ್ಜ್ ಅಲ್ಲಿಂದಲೂ ಹೊರಟ, ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ. ಬದಲಿಗೆ ಥಂಡರ್‌ಗೆ ಸಿಕ್ಕದ್ದು ಶೇ ಗಿಲ್ಜಸ್-ಅಲೆಕ್ಸಾಂಡರ್, ಡ್ಯಾನಿಲೊ ಗಲಿನಾರಿ, ಐದು ಮೊದಲ ಸುತ್ತಿನ ಪಿಕ್, ಎರಡು ಪಿಕ್ ಅದಲುಬದಲಿನ ಹಕ್ಕು. ಆ ಪಿಕ್‌ಗಳಲ್ಲೊಂದು 2022ರ 12ನೆಯದಾಗಿ ಜೇಲನ್ ವಿಲಿಯಮ್ಸ್ ಆಯಿತು. ಶೇ 2025ರಲ್ಲಿ ಲೀಗ್‌ನ ಎಂವಿಪಿ (ಶ್ರೇಷ್ಠ ಆಟಗಾರ), ಫೈನಲ್‌ನ ಎಂವಿಪಿ ಕೂಡ. ಇವರು ಪೇಸರ್ಸ್ ಥರ ನಡುವಿನಲ್ಲಿ ನಿಲ್ಲಲಿಲ್ಲ, 22-50, 24-58 ಎಂದು ಸೋತು ಚೆಟ್ ಹೋಮ್‌ಗ್ರೆನ್‌ನನ್ನು 2ನೇ ಪಿಕ್ ಆಗಿ ತಂದರು. ದಾರಿ ಬೇರೆ, ಬುನಾದಿ ಒಂದೇ ಮನುಷ್ಯನ ಎರಡು ಮಾರಾಟ. ಆ ಮನುಷ್ಯ 2024ರಲ್ಲಿ ಕ್ಲಿಪ್ಪರ್ಸ್ ಬಿಟ್ಟು ಫ್ರೀ ಏಜೆಂಟ್ ಆಗಿ ಫಿಲಡೆಲ್ಫಿಯಾಗೆ ನಡೆದ. ಕ್ಲಿಪ್ಪರ್ಸ್ ಕೈಗೆ ಏನೂ ಬರಲಿಲ್ಲ.

ಸರಪಳಿ ಕಡಿದ ಜಾಗ

ಏಳನೇ ಪಂದ್ಯ ಭಾರತದಲ್ಲಿ 2025ರ ಜೂನ್ 23, ಸೋಮವಾರ ಬೆಳಿಗ್ಗೆ 5.30ಕ್ಕೆ. ಡೊಂಬಿವಲಿಯಿಂದ ಮೊದಲ ಪಾಳಿಗೆ ಹೊರಡುವವರು ಫೋನ್‌ನಲ್ಲಿ ನೋಡುತ್ತಾ ಪ್ಲಾಟ್‌ಫಾರ್ಮ್‌ಗೆ ಬರುವ ಹೊತ್ತು. ಹ್ಯಾಲಿಬರ್ಟನ್ ಬಲಗಾಲಿನ ಮೀನಖಂಡ ನೋಯಿಸಿಕೊಂಡೇ ಇಳಿದಿದ್ದ. ಮೂರು ಮೂರು-ಪಾಯಿಂಟ್ ಹೊಡೆದು 9 ಪಾಯಿಂಟ್ ಮಾಡಿದ್ದ. ಮೊದಲ ಕ್ವಾರ್ಟರ್ ಮುಗಿಯುವ ಮುಂಚೆ ಚೆಂಡು ಹಿಡಿದು ಮುಂದೆ ನುಗ್ಗಲು ಬಲಗಾಲು ಒತ್ತಿದ, ಬಿದ್ದ, ನೆಲಕ್ಕೆ ಅಂಗೈಯಿಂದ ಬಡಿದ. ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಥಂಡರ್ 103-91ಕ್ಕೆ ಗೆದ್ದಿತು. ಮುಂದಿನ ಇಡೀ ಸೀಸನ್ ಅವನಿಲ್ಲವೆಂದು ಪೇಸರ್ಸ್ ಘೋಷಿಸಿದರು.

ಗಾಯ ಯಾರ ಲೆಕ್ಕದಲ್ಲೂ ಇಲ್ಲ. ಅದಕ್ಕಿಂತ ಕೆಲವೇ ದಿನ ಮುಂಚೆ, ಫೈನಲ್ ನಡೆಯುತ್ತಿರುವಾಗಲೇ, ಪೇಸರ್ಸ್ ತಮ್ಮ 23ನೇ ಪಿಕ್ ಕೊಟ್ಟು ನ್ಯೂ ಓರ್ಲಿಯನ್ಸ್‌ನಿಂದ ತಮ್ಮದೇ 2026ರ ಮೊದಲ ಸುತ್ತಿನ ಪಿಕ್ ವಾಪಸ್ ಪಡೆದಿದ್ದರು. ಸಿಯಾಕಮ್‌ಗಾಗಿ ಟೊರಾಂಟೊಗೆ ಹೋಗಿ, ಅಲ್ಲಿಂದ ನ್ಯೂ ಓರ್ಲಿಯನ್ಸ್‌ಗೆ ದಾಟಿದ್ದ ಅದೇ ಪಿಕ್. ತಾರೆಯಿಲ್ಲದ ವರ್ಷದಲ್ಲಿ ತಂಡ ಸೋತರೆ ಅದರ ಬೆಲೆ ಏರುತ್ತದೆ. ಗಾಯವನ್ನು ಊಹಿಸಿ ಮಾಡಿದ್ದಲ್ಲ, ಆದರೂ ಅದೃಷ್ಟ ಕೂಡಿಟ್ಟವನ ಕಡೆಗೇ ವಾಲಿತು.

ಟರ್ನರ್ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. 2023ರ ಜನವರಿಯಲ್ಲಿ ಅವನ ಕರಾರನ್ನು ಪೇಸರ್ಸ್ ಬಹಳ ಚೆನ್ನಾಗಿ ನಿಭಾಯಿಸಿದ್ದರು: ಬಳಸದೆ ಉಳಿದಿದ್ದ ಕ್ಯಾಪ್ ಜಾಗದಲ್ಲಿ ಆ ವರ್ಷದ ಸಂಬಳವನ್ನು 1.8 ಕೋಟಿಯಿಂದ 3.51 ಕೋಟಿಗೆ ಏರಿಸಿ, ಬದಲಿಗೆ ಮುಂದಿನ ಎರಡು ವರ್ಷ ಸುಮಾರು 2 ಕೋಟಿಗೆ ಒಪ್ಪಿಸಿದರು. ಇವತ್ತು ಹಾಳಾಗುವ ಜಾಗ ಖರ್ಚು ಮಾಡಿ ನಾಳಿನ ಜಾಗ ಉಳಿಸಿದರು. ಸಿಯಾಕಮ್‌ಗೆ ಅನುಕೂಲವಾದದ್ದು ಆ ಉಳಿತಾಯವೂ ಹೌದು. ಆದರೆ ಆ ಎರಡು ವರ್ಷ 2025ಕ್ಕೆ ಮುಗಿದವು. ಫೈನಲ್ ಕಡೆಗೆ ಹೋಗುತ್ತಿರುವ ತಂಡ ನಡುವೆ ಮೊದಲ ಐವರ ಸೆಂಟರನ್ನು ಮಾರಲಾರದು, ಅತ್ತ ದರಿ ಇತ್ತ ಪುಲಿ. ಹೊಸ ಕರಾರಿನ ಮಾತು ಬಂದಾಗ ಎದುರಿಗಿದ್ದದ್ದು 18.79 ಕೋಟಿ ಡಾಲರ್‌ನ ಲಕ್ಷುರಿ ಟ್ಯಾಕ್ಸ್ ಗೆರೆ, ಒಟ್ಟು ಸಂಬಳ ಅದನ್ನು ದಾಟಿದರೆ ಲೀಗ್‌ಗೆ ತೆರಿಗೆ ಕಟ್ಟಬೇಕು. ಎರಡು ದಶಕದಿಂದ ಪೇಸರ್ಸ್ ಆ ತೆರಿಗೆ ಕಟ್ಟಿದವರಲ್ಲ. ತಾರೆಯೇ ಆಡದ ವರ್ಷಕ್ಕೆ ಕಟ್ಟುವ ಮನಸ್ಸು ಎಲ್ಲಿಂದ ಬಂದೀತು?

ಇಂಡಿಯಾನಾ ಚೌಕಾಸಿಯಲ್ಲಿದ್ದಾಗ ಮಿಲ್ವಾಕೀ ಬಕ್ಸ್ ತನ್ನ ತಾರೆ ಡೇಮಿಯನ್ ಲಿಲರ್ಡ್‌ನ ಕರಾರನ್ನೇ ರದ್ದು ಮಾಡಿ, ಬಾಕಿ ಹಣವನ್ನು ಐದು ವರ್ಷಕ್ಕೆ ಹಂಚಿ ಜಾಗ ಮಾಡಿಕೊಂಡಿತು. ಅಷ್ಟು ದೂರ ಯಾರೂ ಹೋಗುವುದಿಲ್ಲವೆಂದು ಲೆಕ್ಕ ಹಾಕಿದ್ದವರಿಗೆ ಅದು ಗೊತ್ತಾಗುವಷ್ಟರಲ್ಲಿ ಟರ್ನರ್ 4 ವರ್ಷಕ್ಕೆ ಸುಮಾರು 10.9 ಕೋಟಿ ಡಾಲರ್‌ಗೆ ಒಪ್ಪಿಯಾಗಿತ್ತು. ಹತ್ತು ವರ್ಷ ಇದ್ದವನು, ವರ್ಲಿಯಲ್ಲಿ ಆಡಿದ್ದವನು, 2022ರಲ್ಲಿ ಆಲ್‌ಸ್ಟಾರ್‌ನನ್ನೇ ಕಳಿಸಿ ಉಳಿಸಿಕೊಂಡವನು. ಅವನ ಬದಲಿಗೆ ಒಂದು ಎರಡನೇ ಸುತ್ತಿನ ಪಿಕ್ ಕೂಡ ಬರಲಿಲ್ಲ.